ಬೇಸಿಗೆಯಲ್ಲಿ ಬಿಸಿಯೇರುವ ಕೋಳಿಗೂಡು: ತೇಕುವ ಹೊತ್ತು ನೋಡಿ ದೋಷ ಹಿಡಿಯುವುದು

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ. ಅದೇ ಬಿಸಿಲಲ್ಲಿ ಬೇವಿನ ಮರದ ಬುಡದಲ್ಲಿ ಮಣ್ಣು ಕೆದರಿ ಮಲಗಿದ ಜವಾರಿ ಕೋಳಿ ಬದುಕಿಕೊಳ್ಳುತ್ತದೆ. ಪಕ್ಕದ ಪತ್ರಾಸಿನ (ತಗಡಿನ) ಗೂಡಿನಲ್ಲಿ ಕಾಳು, ನೀರು ಎಲ್ಲ ಇದ್ದ ಕೋಳಿ ಮಧ್ಯಾಹ್ನ 3 ಗಂಟೆಗೆ ಸಾಯುತ್ತದೆ. ಹವೆ ಎರಡಕ್ಕೂ ಒಂದೇ ಆದ್ದರಿಂದ ದೋಷವನ್ನು ಗೂಡಿನಲ್ಲೇ ಹುಡುಕಬೇಕು. ಗೂಡಿನ ಯಾವ ಭಾಗ ಕೆಟ್ಟಿದೆ ಎಂಬುದನ್ನು ಕೋಳಿ ಬಾಯಿ ಬಿಡಲು ಶುರುಮಾಡುವ ಹೊತ್ತೇ ಹೇಳುತ್ತದೆ. ಅದನ್ನು ಗಮನಿಸದೆ ಫ್ಯಾನು ತಂದು, ಗೋಣಿಚೀಲ ಕಟ್ಟಿ, ಔಷಧಿ ಹಾಕಿ ಹಣ ಕಳೆದುಕೊಳ್ಳುವವರೇ ಹೆಚ್ಚು.

ಇಲ್ಲಿ ಹೇಳಿರುವ ಅಳತೆಗಳೆಲ್ಲ 15ರಿಂದ 20 ಕೋಳಿಗಳ, 10 ಅಡಿ ಉದ್ದ, 6 ಅಡಿ ಅಗಲದ ಹಿತ್ತಲ ಗೂಡಿಗೆ.

ಈಗಲೇ ಕೋಳಿ ಬಿದ್ದಿದ್ದರೆ

ದೋಷ ಆಮೇಲೆ ಹುಡುಕಿ. ಬಿದ್ದ ಕೋಳಿಯನ್ನು ಮೆಲ್ಲಗೆ ಎತ್ತಿ ಗಾಳಿಯಾಡುವ ನೆರಳಿಗೆ ತನ್ನಿ. ಬಕೆಟ್ಟಿನ ತಣ್ಣೀರಲ್ಲಿ ಕಾಲು ಮತ್ತು ಹೊಟ್ಟೆಯ ಭಾಗ ಒಂದೆರಡು ನಿಮಿಷ ಮುಳುಗುವಂತೆ ಹಿಡಿಯಿರಿ. ತಲೆ ಮೇಲೆಯೇ ಇರಲಿ. ಐಸ್ ನೀರು ಬೇಡ: ಚರ್ಮದ ರಕ್ತನಾಳಗಳು ಕುಗ್ಗಿ ಒಳಗಿನ ಬಿಸಿ ಹೊರಗೆ ಬರುವುದೇ ನಿಲ್ಲುತ್ತದೆ. ರೆಕ್ಕೆಯ ಅಡಿ ಪುಕ್ಕ ಕಡಿಮೆ ಇರುವ ಕಡೆ ಒದ್ದೆ ಬಟ್ಟೆಯಿಂದ ಒರೆಸಿ, ಗಾಳಿ ಬೀಸಿ. ಕತ್ತು ನೆಟ್ಟಗೆ ಹಿಡಿಯುವಷ್ಟು ಚೇತರಿಸಿಕೊಳ್ಳುವ ತನಕ ಬಾಯಿಗೆ ನೀರು ಸುರಿಯಬಾರದು, ಶ್ವಾಸನಾಳಕ್ಕೆ ಇಳಿದುಬಿಡುತ್ತದೆ. ಚೇತರಿಸಿಕೊಂಡ ಮೇಲೆ ಕೊಕ್ಕಿನ ತುದಿಗೆ ಹನಿ ಹನಿಯಾಗಿ ಬಿಡಿ, ತಾನೇ ನುಂಗುತ್ತದೆ. ಉಳಿದ ಕೋಳಿಗಳನ್ನು ಗೂಡಿನಿಂದ ಹೊರಗೆ ಬಿಟ್ಟು ಮರದ ಕೆಳಗಿನ ನೆಲಕ್ಕೆ ನೀರು ಚಿಮುಕಿಸಿ. ಆ ಹೊತ್ತಿನಲ್ಲಿ ಅಟ್ಟಿಸಿಕೊಂಡು ಓಡಬೇಡಿ, ಓಡಿದ ಕೋಳಿ ಸಾಯುತ್ತದೆ.

ಕೋಳಿಯ ಮೈಬಿಸಿ ಸಹಜವಾಗಿಯೇ 41ರಿಂದ 42 ಡಿಗ್ರಿ. ಬೆವರಿನ ಗ್ರಂಥಿ ಇಲ್ಲ. 18ರಿಂದ 24 ಡಿಗ್ರಿಯಲ್ಲಿ ಅದಕ್ಕೆ ಹಿತ. 30ರ ಆಚೀಚೆ ಬಾಯಿ ಬಿಟ್ಟು ತೇಕಲು, ರೆಕ್ಕೆ ಇಳಿಬಿಡಲು ಶುರುಮಾಡುತ್ತದೆ. 38 ದಾಟಿದರೆ ಪ್ರಾಣಕ್ಕೆ ಅಪಾಯ, ಅದರಲ್ಲೂ ಬ್ರಾಯ್ಲರ್ ಮತ್ತು ಕೊಬ್ಬಿದ ಹೇಂಟೆಗಳಿಗೆ.

ಮೊದಲು ಅಳೆಯಿರಿ

ಎರಡು ಗಾಜಿನ ಥರ್ಮಾಮೀಟರ್ ಸಾಕು. ಜ್ವರ ನೋಡುವುದಲ್ಲ, ಗೋಡೆಗೆ ತೂಗುಹಾಕುವ ಅಗ್ಗದ್ದು. ಕೊಂಡ ದಿನ ಎರಡನ್ನೂ ಒಂದೇ ಬಕೆಟ್ ನೀರಿಗೆ ಇಳಿಸಿ ಒಂದೇ ಅಂಕಿ ತೋರಿಸುತ್ತವೆಯೇ ನೋಡಿಕೊಳ್ಳಿ. ವ್ಯತ್ಯಾಸವಿದ್ದರೆ ಬರೆದಿಟ್ಟುಕೊಂಡು ಕಳೆಯಿರಿ. ಒಂದನ್ನು ಗೂಡಿನಿಂದ ದೂರ, ಮರದ ದಟ್ಟ ನೆರಳಿನಲ್ಲಿ ತೂಗಿಸಿ. ಇನ್ನೊಂದನ್ನು ಗೂಡಿನ ನಡುವೆ, ನೆಲದಿಂದ 1 ಅಡಿ ಎತ್ತರದಲ್ಲಿ, ಅಂದರೆ ಕೋಳಿಯ ಬೆನ್ನಿನ ಮಟ್ಟಕ್ಕೆ ಕಟ್ಟಿ. ನಾವು ನಿಂತು ಮುಖಕ್ಕೆ ತಾಗುವ ಗಾಳಿಯನ್ನು ನೆಚ್ಚಿಕೊಂಡರೆ ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ 7, 11, ಮಧ್ಯಾಹ್ನ 2, ಸಂಜೆ 5, ರಾತ್ರಿ 9 ಹೀಗೆ ಐದು ಸಲ, ಮೂರು ದಿನ ಬರೆಯಿರಿ. ಪ್ರತಿ ಸಲವೂ ಎಷ್ಟು ಕೋಳಿ ಬಾಯಿ ಬಿಟ್ಟಿವೆ ಎಂದು ಎಣಿಸಿ.

ಒಳಗಿನ ಬಿಸಿ ಹೊರಗಿನ ನೆರಳಿಗಿಂತ 2 ಡಿಗ್ರಿಯೊಳಗೆ ಹೆಚ್ಚಿದ್ದರೆ ಗೂಡು ಸುಮಾರಾಗಿ ಸರಿಯಿದೆ. ಆಗ ನೀರು, ಕಾಳು, ಕಾಯಿಲೆಯ ಕಡೆ ನೋಡಬೇಕು. 3 ಡಿಗ್ರಿ ಅಥವಾ ಅದಕ್ಕೂ ಹೆಚ್ಚಿದ್ದರೆ ಗೂಡೇ ಕೆಟ್ಟಿದೆ. ವ್ಯತ್ಯಾಸ ಯಾವ ಹೊತ್ತಿಗೆ ಅತಿ ಹೆಚ್ಚು ಎಂದು ಗುರುತು ಹಾಕಿಕೊಂಡು ಮುಂದೆ ಓದಿ.

ಮಧ್ಯಾಹ್ನ 12ರಿಂದ 2: ಸೂರಿನ ದೋಷ

ಹಿತ್ತಲ ಗೂಡುಗಳಲ್ಲಿ ಮುಕ್ಕಾಲು ಪಾಲು ತೊಂದರೆ ಇಲ್ಲೇ ಇರುತ್ತದೆ. ಮೇ ತಿಂಗಳ ಮೊದಲ ಹತ್ತು ದಿನಗಳಲ್ಲಿ ಬಳ್ಳಾರಿಯಿಂದ ಕಲಬುರಗಿವರೆಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೇ ಬರುತ್ತಾನೆ. ಗೋಡೆಗೆ ಬಿಸಿಲು ತಾಕುವುದೇ ಇಲ್ಲ, ಪೂರ್ತಿ ಹೊಡೆತ ಸೂರಿಗೆ. ಬರಿ ತಗಡು ಆ ಹೊತ್ತಿಗೆ 60 ಡಿಗ್ರಿ ದಾಟಿರುತ್ತದೆ.

ಪರೀಕ್ಷೆ ಸುಲಭ. ಗೂಡಿನೊಳಗೆ ಕೂತು, ತಗಡಿನ ಕೆಳಗೆ ಒಂದಡಿ ಅಂತರದಲ್ಲಿ ಅಂಗೈಯನ್ನು ಮೇಲ್ಮುಖವಾಗಿ ಹಿಡಿಯಿರಿ. ಅರ್ಧ ನಿಮಿಷದ ನಂತರ ಅಂಗೈ ಕೆಳಮುಖ ಮಾಡಿ. ಮೇಲ್ಮುಖವಿದ್ದಾಗ ಚುರುಗುಟ್ಟಿ, ಮಗುಚಿದೊಡನೆ ಹಾಯೆನಿಸಿದರೆ ತಗಡಿನ ಝಳ ನೇರವಾಗಿ ಇಳಿಯುತ್ತಿದೆ ಎಂದರ್ಥ. ಈ ಝಳವನ್ನು ಗಾಳಿಯ ಬಿಸಿ ಅಳೆಯುವ ಥರ್ಮಾಮೀಟರ್ ಪೂರ್ತಿ ಹಿಡಿಯುವುದಿಲ್ಲ. ಹಾಗಾಗಿ ಅಂಕಿ ಕಡಿಮೆ ತೋರಿಸಿದರೂ ಕೋಳಿ ತೇಕುತ್ತಿರುತ್ತದೆ.

ಝಳಕ್ಕೆ ಫ್ಯಾನು ಮದ್ದಲ್ಲ. ಅದರಲ್ಲೂ ಸೂರಿನಿಂದ ಇಳಿಬಿಟ್ಟ ಸೀಲಿಂಗ್ ಫ್ಯಾನು ತಗಡಿನ ಅಡಿಯಲ್ಲಿ ನಿಂತ ಬಿಸಿಗಾಳಿಯನ್ನು ಕೋಳಿಯ ಬೆನ್ನಿಗೆ ತಳ್ಳುತ್ತದೆ. ತಗಡಿಗೂ ಕೋಳಿಗೂ ನಡುವೆ ಮರೆ ಬೇಕು. ಖರ್ಚಿನ ಲೆಕ್ಕದಲ್ಲಿ ಕಡಿಮೆಯಿಂದ ಹೆಚ್ಚಿಗೆ ಹೀಗೆ ಹೋಗಿ:

ತಗಡಿನ ಮೇಲೆ ಸುಣ್ಣ. 5 ಕೆಜಿ ಸುಣ್ಣವನ್ನು ಹಿಂದಿನ ದಿನವೇ ಅರಳಿಸಿ, 10ರಿಂದ 12 ಲೀಟರ್ ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಅರ್ಧ ಕೆಜಿ ಫೆವಿಕಾಲ್ ಥರದ ಬಿಳಿ ಅಂಟು ಬೆರೆಸಿ. ತಗಡಿನ ಧೂಳು ತೊಳೆದು, ಸಂಜೆ ತಂಪಾದ ಮೇಲೆ ಒಂದು ಕೋಟು, ಮರುದಿನ ಸಂಜೆ ಇನ್ನೊಂದು. ಕಾದ ತಗಡಿಗೆ ಹಚ್ಚಿದರೆ ಸಿಪ್ಪೆ ಏಳುತ್ತದೆ. ಸುಣ್ಣ ಅರಳಿಸುವಾಗ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಅಪಾಯ, ಕನ್ನಡಕ ಹಾಕಿಕೊಳ್ಳಿ. ಮಳೆಗೆ ಇದು ತೊಳೆದುಹೋಗುವುದರಿಂದ ಪ್ರತಿ ವರ್ಷ ಫೆಬ್ರುವರಿ ಕೊನೆಗೆ ಹಚ್ಚಬೇಕು. ಸಿಮೆಂಟ್ ಶೀಟಿನ ಸೂರಾದರೆ ಕೆರೆಯುವುದು, ಉಜ್ಜುವುದು ಮಾಡಬೇಡಿ, ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಸುರಿದು ತೊಳೆದು ಹಚ್ಚಿ.

ತಗಡಿನ ಕೆಳಗೆ ತಟ್ಟಿ. ಬಿದಿರಿನ ತಟ್ಟಿಯನ್ನು ತಗಡಿನಿಂದ 6 ಇಂಚು ಕೆಳಗೆ, ಇಳಿಜಾರಿಗೆ ಸಮನಾಗಿ ಕಟ್ಟಿ. ನಡುವಿನ 6 ಇಂಚು ಸಂದಿ ಎರಡೂ ತುದಿಯಲ್ಲಿ ತೆರೆದಿರಬೇಕು. ಕೆಳತುದಿಯಿಂದ ಗಾಳಿ ಹೊಕ್ಕು ಮೇಲ್ತುದಿಯಿಂದ ಹೊರಟರೆ ಮಾತ್ರ ಇದರಿಂದ ಲಾಭ. ತುದಿ ಮುಚ್ಚಿದರೆ ಒಲೆಯ ಮೇಲೆ ಮುಚ್ಚಳ ಹಾಕಿದ ಹಾಗೆ. ತಟ್ಟಿಗೆ ತಾಗುವಂತೆ ಪ್ಲಾಸ್ಟಿಕ್ ಹಾಳೆ ಹಾಸುವುದು ಬೇಡ.

ತಗಡಿನ ಮೇಲೆ ದಂಟು. ಜೋಳದ ದಂಟು, ತೊಗರಿ ಕಟ್ಟಿಗೆ, ತೆಂಗಿನ ಗರಿ ಯಾವುದು ಸಿಕ್ಕರೂ 4ರಿಂದ 6 ಇಂಚು ದಪ್ಪಕ್ಕೆ ಹಾಸಿ, ಅಡ್ಡಕ್ಕೆ ಗಳ ಇಟ್ಟು ತಂತಿಯಿಂದ ಗೂಡಿನ ಕಂಬಕ್ಕೇ ಬಿಗಿಯಿರಿ. ತಗಡಿನ ಬೋಲ್ಟಿಗೆ ಕಟ್ಟಿದರೆ ಮಳೆಗೆ ಮುಂಚಿನ ಬಿರುಗಾಳಿ ದಂಟಿನ ಜೊತೆ ತಗಡನ್ನೂ ಕಿತ್ತೊಯ್ಯುತ್ತದೆ. ಮೂರರಲ್ಲಿ ಅತಿ ಹೆಚ್ಚು ತಂಪು ಕೊಡುವುದು ಇದೇ. ಇಲಿ, ಹಾವು ಸೇರಿಕೊಳ್ಳುವುದು, ಕಿಡಿ ಬಿದ್ದರೆ ಹೊತ್ತಿಕೊಳ್ಳುವುದು ಇದರ ಕೆಡುಕು. ಹತ್ತಿರದಲ್ಲಿ ಅಡುಗೆ ಒಲೆ ಇದ್ದರೆ ಇದನ್ನು ಬಿಟ್ಟು ತಟ್ಟಿಯನ್ನೇ ನೆಚ್ಚಿಕೊಳ್ಳಿ.

ಇನ್ನು ಸೂರಿನ ಎತ್ತರ. ಅಂಚಿನಲ್ಲಿ 6 ಅಡಿ, ನಡುನೆತ್ತಿಯಲ್ಲಿ 8 ಅಡಿಗೆ ಕಡಿಮೆ ಇರಬಾರದು. ನಾಲ್ಕಡಿ ಎತ್ತರದ ತಗಡಿನ ಪೆಟ್ಟಿಗೆಗೆ ಏನು ಹಚ್ಚಿದರೂ ಅಷ್ಟಕ್ಕಷ್ಟೇ. ಅದಕ್ಕೆ ದುಡ್ಡು ಸುರಿಯದೆ ಕಂಬ ಎತ್ತರಿಸುವುದೇ ಒಳ್ಳೆಯದು.

ಗಾಳಿ ಇದ್ದೂ ಒಳಗೆ ಆಡದಿದ್ದರೆ

ಸೂರು ಸರಿಮಾಡಿದ ಮೇಲೂ ಇಡೀ ದಿನ ಒಂದೇ ಸಮ 3–4 ಡಿಗ್ರಿ ಹೆಚ್ಚಿದ್ದರೆ ಗಾಳಿಯ ದಾರಿ ಕಟ್ಟಿದೆ. ಊದಿನಕಡ್ಡಿ ಹಚ್ಚಿ ಕೋಳಿಯ ಮಟ್ಟದಲ್ಲಿ ಹಿಡಿಯಿರಿ. ಹೊಗೆ ಒಂದು ಬದಿಗೆ ವಾಲಿ ಜಾಲರಿಯಿಂದ ಹೊರಗೆ ಹೋಗಬೇಕು. ನೆಟ್ಟಗೆ ಮೇಲೆದ್ದು ತಗಡಿನ ಅಡಿಯಲ್ಲಿ ತಂಗಿದರೆ ಬಿಸಿಗಾಳಿಗೆ ಹೊರದಾರಿ ಇಲ್ಲ. ಆಗ ಸೂರಿನ ನಡುನೆತ್ತಿಯ ಉದ್ದಕ್ಕೂ 6 ಇಂಚು ಸಂದಿ ಬಿಟ್ಟು, ಅದರ ಮೇಲೆ 9 ಇಂಚು ಎತ್ತರದಲ್ಲಿ ಮಳೆ ತಡೆಯುವಷ್ಟು ಅಗಲದ ತಗಡಿನ ಟೋಪಿ ಕೂರಿಸಿ. ಒಂದೇ ಇಳಿಜಾರಿನ ಸೂರಾದರೆ ಎತ್ತರದ ಬದಿಯಲ್ಲಿ ತಗಡಿಗೂ ಗೋಡೆಗೂ ನಡುವೆ ಅಷ್ಟೇ ಸಂದಿ ತೆರೆಯಿರಿ. ತೆರೆದ ಸಂದಿಗೆಲ್ಲ ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕುವುದನ್ನು ಮರೆಯಬೇಡಿ. ಷಟ್ಕೋನ ಕಣ್ಣಿನ ಚಿಕನ್ ಮೆಶ್ ಕೋಳಿಯನ್ನು ಒಳಗೆ ತಡೆಯುತ್ತದೆಯೇ ಹೊರತು ನಾಯಿ, ಕಾಡುಬೆಕ್ಕನ್ನು ಹೊರಗೆ ತಡೆಯುವುದಿಲ್ಲ.

ಹೊಗೆ ಕೋಳಿಯ ಮಟ್ಟದಲ್ಲೇ ಅಲುಗಾಡದಿದ್ದರೆ ಪಕ್ಕದ ಗೋಡೆ ನೋಡಿ. ಇಟ್ಟಿಗೆಯ ಕಟ್ಟೆ 1 ಅಡಿ ಸಾಕು, ಅದರ ಮೇಲೆ ಸೂರಿನವರೆಗೂ ಜಾಲರಿ. ಮೂರಡಿ ಕಟ್ಟೆ ಕಟ್ಟಿದ ಗೂಡಿನಲ್ಲಿ ಗಾಳಿ ನಮ್ಮ ತಲೆಗೆ ತಾಗುತ್ತದೆ, ನೆಲದ ಕೋಳಿಗೆ ತಾಗುವುದಿಲ್ಲ. ಚಳಿಗಾಲಕ್ಕೆ ಕಟ್ಟಿದ ತಾಡಪತ್ರಿ ಬಿಚ್ಚದೆ ಉಳಿದಿರುವುದು, ಗಾಳಿ ಬರುವ ಬದಿಗೆ ಸೌದೆ ಒಟ್ಟಿರುವುದು, ಜಾಲರಿಗೆ ಧೂಳು, ಪುಕ್ಕ, ಜೇಡರಬಲೆ ಮೆತ್ತಿ ಅರ್ಧ ಮುಚ್ಚಿರುವುದು, ಇವು ಬಹಳ ಸಾಮಾನ್ಯ. ಜಾಲರಿಯನ್ನು ತಿಂಗಳಿಗೊಮ್ಮೆ ಒಣ ಪೊರಕೆಯಿಂದ ಗುಡಿಸಿ.

ಮಧ್ಯಾಹ್ನ 3ರಿಂದ 5: ಪಡುವಣ ಬಿಸಿಲು

2 ಗಂಟೆಗೆ ಸುಮ್ಮನಿದ್ದ ಕೋಳಿ 4ಕ್ಕೆ ತೇಕುತ್ತಿದ್ದರೆ, ಎಲ್ಲವೂ ಪೂರ್ವದ ಮೂಲೆಗೆ ಒತ್ತಿಕೊಂಡಿದ್ದರೆ, ಇಳಿಬಿಸಿಲು ಒಳಗೆ ನುಗ್ಗುತ್ತಿದೆ. ಗೂಡಿನ ಉದ್ದ ಪೂರ್ವ–ಪಶ್ಚಿಮವಾಗಿರಬೇಕು ಎನ್ನುವುದು ಇದಕ್ಕೇ. ಹಾಗಿದ್ದರೆ ಬಿಸಿಲಿಗೆ ಸಿಗುವುದು 6 ಅಡಿಯ ಕಿರುಗೋಡೆ ಮಾತ್ರ; ಉದ್ದ ದಕ್ಷಿಣೋತ್ತರವಾಗಿದ್ದರೆ 10 ಅಡಿ ಪೂರ್ತಿ ಸಿಗುತ್ತದೆ. ಕಟ್ಟಿದ ಗೂಡನ್ನು ತಿರುಗಿಸಲಾಗದು. ಸೂರಿನ ಅಂಚನ್ನು 3 ಅಡಿ ಮುಂದಕ್ಕೆ ಚಾಚುವುದು ಮಳೆಗೂ ನೆತ್ತಿಬಿಸಿಲಿಗೂ ಒಳ್ಳೆಯದಾದರೂ ಸಂಜೆಯ ತಗ್ಗು ಬಿಸಿಲನ್ನು ತಡೆಯುವುದಿಲ್ಲ. ಅದಕ್ಕೆ ನೆಟ್ಟಗೆ ನಿಲ್ಲುವ ಮರೆ ಬೇಕು: ಪಶ್ಚಿಮದ ಗೋಡೆಯಿಂದ 2 ಅಡಿ ಹೊರಗೆ ತಟ್ಟಿ ಅಥವಾ ಹಸಿರು ನೆರಳುಬಲೆ. ಗೋಡೆಗೇ ಅಂಟಿಸಿದರೆ ಗಾಳಿ ನಿಲ್ಲುತ್ತದೆ. ಶಾಶ್ವತಕ್ಕೆ ನುಗ್ಗೆ ಒಳ್ಳೆಯದು, ಬೇಗ ಬೆಳೆಯುತ್ತದೆ. ಗೂಡಿನಿಂದ 8ರಿಂದ 10 ಅಡಿ ದೂರ ನೆಟ್ಟು ಎಳೆಯದರಲ್ಲೇ ತುದಿ ಚಿವುಟಿ, ಕೊಂಬೆ ಪಕ್ಕಕ್ಕೆ ಒಡೆಯುತ್ತದೆ.

ಮೊಟ್ಟೆ ಇಡುವ ಪೆಟ್ಟಿಗೆಯನ್ನು ಪಶ್ಚಿಮದ ಗೋಡೆಗೆ ಹೊಡೆದಿದ್ದರೆ ಇವತ್ತೇ ಕಿತ್ತು ಉತ್ತರಕ್ಕೆ ಹಾಕಿ. ಕಾವಿಗೆ ಕೂತ ಹೇಂಟೆ ಬಿಸಿ ತಾಳದಿದ್ದರೂ ಎದ್ದು ಬರುವುದಿಲ್ಲ, ಪೆಟ್ಟಿಗೆಯಲ್ಲೇ ಸಾಯುತ್ತದೆ. ಪೆಟ್ಟಿಗೆಯ ಹಿಂಬದಿ ಹಲಗೆಗೆ ಮೇಲ್ಭಾಗದಲ್ಲಿ ಒಂದಿಂಚಿನ ನಾಲ್ಕಾರು ತೂತು ಕೊರೆಯಿರಿ. ಮುಂದೆ ಮರಿ ಮಾಡಿಸಬೇಕೆಂದಿರುವ ಮೊಟ್ಟೆಗಳನ್ನು ಕಾವಿಗೆ ಕೂರಿಸುವ ತನಕ ದಿನಕ್ಕೆ ಮೂರು ಸಲ ಎತ್ತಿ ಮನೆಯ ತಂಪು ಮೂಲೆಯಲ್ಲಿಡಿ. ಬಿಸಿ ಪೆಟ್ಟಿಗೆಯಲ್ಲಿ ಭ್ರೂಣ ಅರ್ಧಂಬರ್ಧ ಬೆಳೆದು ಸಾಯುವುದರಿಂದಲೇ ಬೇಸಿಗೆಯಲ್ಲಿ ಮರಿ ಏಳುವುದು ಕಡಿಮೆ.

ರಾತ್ರಿ 8ರ ನಂತರವೂ ತೇಕುತ್ತಿದ್ದರೆ

ಕಲಬುರಗಿ ಸೀಮೆಯಲ್ಲಿ ಶಹಾಬಾದ್ ಫರಸಿ ಅಗ್ಗ, ಗೋಡೆಗೂ ಸೂರಿಗೂ ಅದೇ. ಕಲ್ಲು ಹಗಲಿಡೀ ಕಾವು ಕುಡಿದು ರಾತ್ರಿ ಬಿಡುತ್ತದೆ. 9 ಗಂಟೆಗೆ ಗೋಡೆಗೆ ಅಂಗೈ ಒತ್ತಿ. ಮೈಗಿಂತ ಬಿಸಿ ಎನಿಸಿದರೆ ಹಗಲಲ್ಲೇ ಆ ಕಲ್ಲಿಗೆ ಬಿಸಿಲು ಬೀಳದಂತೆ ಹೊರಗಿನಿಂದ ಮರೆ ಮಾಡಬೇಕು, ಸೂರಿನ ಫರಸಿಗೂ ಸುಣ್ಣ ಹಚ್ಚಬೇಕು. ಸಂಜೆ ನೀರು ಹೊಡೆಯುವುದಾದರೆ ಹೊರಮೈಗೆ ಮಾತ್ರ.

ಗೋಡೆ ತಂಪಿದ್ದೂ ತೇಕುತ್ತಿದ್ದರೆ ಕೂರುವ ಗಳ ನೋಡಿ. ತಗಡಿಗೆ ಒಂದಡಿ ಕೆಳಗೆ ಗಳ ಕಟ್ಟಿದರೆ ಕೋಳಿಗಳೆಲ್ಲ ಅಲ್ಲಿಗೇ ಹತ್ತಿ, ಬಿಸಿಗಾಳಿಯ ನಡುವೆ ಮೈಗೆ ಮೈ ಒತ್ತಿ ಕೂರುತ್ತವೆ. ಗಳವನ್ನು ನೆಲದಿಂದ 2ರಿಂದ ಎರಡೂವರೆ ಅಡಿಗೆ ಇಳಿಸಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ಕಟ್ಟಿ. ಕೋಳಿಗೆ 10ರಿಂದ 12 ಇಂಚು ಜಾಗ, ಅಂದರೆ 20 ಕೋಳಿಗೆ 18 ಅಡಿ ಗಳ. 2 ಇಂಚು ಅಗಲದ ಮರ ಇರಲಿ, ಕಬ್ಬಿಣದ ಪೈಪು ಬೇಡ. 60 ಚದರ ಅಡಿಗೆ 20 ಕೋಳಿ ಮಿತಿ. 30 ತುಂಬಿದ್ದರೆ ಬೇರೆ ಯಾವ ದುರಸ್ತಿಯೂ ಕೈ ಹಿಡಿಯುವುದಿಲ್ಲ.

ನೆಲದ ಹೊಟ್ಟು ಕೂಡ ಕಾವು ಬಿಡುತ್ತದೆ. ಥರ್ಮಾಮೀಟರನ್ನು ಭತ್ತದ ಹೊಟ್ಟಿನೊಳಗೆ 2 ಇಂಚು ಚುಚ್ಚಿ ಐದು ನಿಮಿಷ ಬಿಡಿ. ಗಾಳಿಗಿಂತ ಹೆಚ್ಚು ಬಿಸಿ ಇದ್ದರೆ ಹೊಟ್ಟು ಗೊಬ್ಬರವಾಗಿ ಕೊಳೆಯುತ್ತಿದೆ. ಒಂದು ಹಿಡಿ ಅದುಮಿ ನೋಡಿ: ಉಂಡೆ ಕಟ್ಟಿ ಉಳಿದರೆ ತೇವ ಹೆಚ್ಚು, ಬೆರಳು ಬಿಟ್ಟಾಗ ಸಡಿಲವಾಗಿ ಬಿರಿದರೆ ಸರಿ. ಬೇಸಿಗೆಗೆ ಹಳೆಯ ದಪ್ಪ ಹಾಸನ್ನು ತೆಗೆದು 2 ಇಂಚು ಹೊಸ ಹೊಟ್ಟು ಅಥವಾ ಶೇಂಗಾ ಸಿಪ್ಪೆ ಹಾಕಿ.

ಸಂಜೆ ಕೋಳಿಗಳು ಗೂಡಿಗೆ ಹೋಗಲು ಒಪ್ಪದೆ ಮರ ಹತ್ತುತ್ತಿವೆಯೇ? ಜುಟ್ಟು ಬಿಳಿಚಿದೆಯೇ? ಇದನ್ನು ಸೆಖೆ ಎಂದುಕೊಳ್ಳಬೇಡಿ, ಕೋಳಿ ಉಣ್ಣಿ ಇರಬಹುದು. ಒಣ ಬಿಸಿನಾಡಿನ ಕೀಟ ಇದು. ಹಗಲು ಕಲ್ಲಿನ ಸಂದಿ, ಗಳದ ಗಂಟಿನಲ್ಲಿ ಅಡಗಿ, ರಾತ್ರಿ ಬಂದು ರಕ್ತ ಹೀರಿ ಹೋಗುತ್ತದೆ. ಟಾರ್ಚ್ ಹಿಡಿದು ರಾತ್ರಿ 10ರ ಮೇಲೆ ಗಳದ ಅಡಿ ನೋಡಿ. ಚಪ್ಪಟೆಯಾದ, ಚರ್ಮದಂಥ ಮೈಯ ಹುಳು ಕಾಣುತ್ತದೆ. ಕೋಳಿಯ ರೆಕ್ಕೆಯ ಅಡಿಯಲ್ಲಿ ಉಣ್ಣಿಯ ಸಣ್ಣ ಮರಿಗಳು ಗುಂಪಾಗಿ ಕಚ್ಚಿಕೊಂಡಿರುತ್ತವೆ. ತಿಂಗಳುಗಟ್ಟಲೆ ಆಹಾರವಿಲ್ಲದೆ ಬದುಕುವುದರಿಂದ ಗೂಡು ಖಾಲಿ ಬಿಟ್ಟರೆ ಸಾಯುವುದಿಲ್ಲ. ಕೋಳಿ ಹೊರಗೆ ಹಾಕಿ, ದಂಟು, ಹೊಟ್ಟು ಎಲ್ಲ ತೆಗೆದ ಮೇಲೆ ಕಲ್ಲಿನ ಸಂದಿಗಳಿಗೆ ಬೆಂಕಿಯ ಟಾರ್ಚ್ ಆಡಿಸಿ, ಆಮೇಲೆ ಸಿಮೆಂಟ್ ಮೆತ್ತಿ ಮುಚ್ಚಿ. ಮೈಗೆ ಹಚ್ಚುವ ಔಷಧಿಯ ಪ್ರಮಾಣ ಪಶುವೈದ್ಯರೇ ಹೇಳಬೇಕು.

ನೀರು

20 ಕೋಳಿಗೆ ಕಡು ಬೇಸಿಗೆಯಲ್ಲಿ ದಿನಕ್ಕೆ 10 ಲೀಟರ್ ಬೇಕು, ತಂಪುಕಾಲದ ಎರಡರಷ್ಟು. ಇಟ್ಟ ನೀರು ಉಳಿಯುತ್ತಿದೆ, ಆದರೂ ಕೋಳಿ ಸೊರಗುತ್ತಿವೆ ಎಂದರೆ ಮಧ್ಯಾಹ್ನ 2ಕ್ಕೆ ನೀರಿಗೆ ಬೆರಳು ಅದ್ದಿ. ಕಪ್ಪು ಟ್ಯಾಂಕ್, ಬಿಸಿಲಲ್ಲಿ ಹಾದು ಬಂದ ಪೈಪಿನ ನೀರು ಸ್ನಾನದ ನೀರಿನಷ್ಟು ಬಿಸಿ ಇರುತ್ತದೆ, ಕೋಳಿ ಮುಟ್ಟುವುದಿಲ್ಲ. ಅಗಲ ಬಾಯಿಯ ಮಣ್ಣಿನ ಪಾತ್ರೆಯನ್ನು ನೆರಳಿನ ಮರಳಲ್ಲಿ ಅರ್ಧ ಹೂತಿಡಿ, ಮರಳಿಗೂ ನೀರು ಹಾಕಿ. ಮೂರು ಕಡೆ ಇಡಿ, ಇಲ್ಲದಿದ್ದರೆ ಜೋರಿನ ಕೋಳಿ ಒಂದೇ ಪಾತ್ರೆಯನ್ನು ಕಾಯ್ದು ಉಳಿದವನ್ನು ಅಟ್ಟುತ್ತದೆ. ಮಧ್ಯಾಹ್ನ ಒಮ್ಮೆ ಚೆಲ್ಲಿ ಹೊಸ ನೀರು ತುಂಬಿ.

ಕಾಳು ಬೆಳಿಗ್ಗೆ 6ರ ಹೊತ್ತಿಗೆ ಮತ್ತು ಸಂಜೆ ತಂಪಾದ ಮೇಲೆ. ತಿಂದದ್ದು ಅರಗುವಾಗ ಮೈಯಲ್ಲಿ ಕಾವು ಹುಟ್ಟುತ್ತದೆ. 11 ಗಂಟೆಗೆ ತಿಂದರೆ ಆ ಕಾವು ಏರುವುದು ಸರಿಯಾಗಿ ಮಧ್ಯಾಹ್ನದ ಬಿಸಿಲ ಹೊತ್ತಿಗೆ.

ಒದ್ದೆ ಗೋಣಿ ಎಲ್ಲಿ ನಡೆಯುತ್ತದೆ, ಎಲ್ಲಿ ಇಲ್ಲ

ಜಾಲರಿಯ ಹೊರಗೆ ಕಟ್ಟಿದ ಒದ್ದೆ ಗೋಣಿಯ ನೀರು ಆವಿಯಾದರೆ ಮಾತ್ರ ಗಾಳಿ ತಂಪಾಗುತ್ತದೆ. ಅದನ್ನು ಮೊದಲೇ ಪರೀಕ್ಷಿಸಬಹುದು. ಒಂದು ಥರ್ಮಾಮೀಟರಿನ ಬುರುಡೆಗೆ ತೆಳು ಹತ್ತಿ ಬಟ್ಟೆ ಸುತ್ತಿ, ಒದ್ದೆ ಮಾಡಿ, ಮೂರು ನಿಮಿಷ ಬೀಸಣಿಗೆಯಿಂದ ಗಾಳಿ ಹಾಕಿ. ಒಣ ಅಂಕಿ 40 ಇದ್ದು ಒದ್ದೆಯದು 22–24ಕ್ಕೆ ಇಳಿದರೆ ಗೋಣಿಚೀಲ ಚೆನ್ನಾಗಿ ಕೆಲಸ ಮಾಡುತ್ತದೆ. ಬಯಲುಸೀಮೆಯ ಏಪ್ರಿಲ್‌ನಲ್ಲಿ ಹೀಗಿರುತ್ತದೆ. ಮಂಗಳೂರು, ಉಡುಪಿ, ಕಾರವಾರದಲ್ಲಿ ಒಣ 34, ಒದ್ದೆ 30 ಬರುವುದುಂಟು. ಅಲ್ಲಿ ನೀರು ಹೊಡೆದರೆ ತೇವ ಏರಿ, ತೇಕುವ ಕೋಳಿಯ ಶ್ವಾಸದಿಂದ ನೀರು ಆವಿಯಾಗುವುದೇ ಕಷ್ಟವಾಗುತ್ತದೆ. ಅಲ್ಲಿಗೆ ಬೇಕಾದದ್ದು ಎತ್ತರದ ಸೂರು, ಬರಿ ಜಾಲರಿ, ಬೀಸುವ ಫ್ಯಾನು. ಬಯಲುಸೀಮೆಯಲ್ಲೂ ಮೇ ಕೊನೆಗೆ ಮೋಡ ಕಟ್ಟಿ ಮಳೆ ಬಾರದ ದಿನ ಇದೇ ಸ್ಥಿತಿ. ಎಷ್ಟೋ ಕಡೆ ಕೋಳಿ ಹೆಚ್ಚು ಸಾಯುವುದು ಅಂಥ ದಿನವೇ, ಅಂದು ಗೋಣಿ ಬಿಚ್ಚಿಬಿಡಿ. ಕಟ್ಟುವಾಗ ಜಾಲರಿಯಿಂದ 6 ಇಂಚು ಹೊರಗೆ, ಕೆಳಗೆ ಒಂದಡಿ ಬಿಟ್ಟು ಕಟ್ಟಿ. ನೀರು ಹೊಟ್ಟಿಗೆ ತೊಟ್ಟಿಕ್ಕಬಾರದು.

ಗೂಡಿನದ್ದಲ್ಲದ ದೋಷಗಳು

ಮೊಟ್ಟೆಯ ಚಿಪ್ಪು ತೆಳುವಾಗಿದ್ದರೆ ಎರಡು ಕಾರಣ. ಸತತ ತೇಕಿದಾಗ ರಕ್ತದ ಇಂಗಾಲಾಮ್ಲ ಹೊರಹೋಗಿ ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಸಾಲದಾಗುತ್ತದೆ. ಇದು ಉರಿಬಿಸಿಲ ದಿನಗಳ ಬೆನ್ನಿಗೆ ಬಂದು, ತಂಪಾದಾಗ ಹೋಗುತ್ತದೆ. ಡಿಸೆಂಬರಿನಲ್ಲೂ ತೆಳುವಾಗಿದ್ದರೆ ಸುಣ್ಣದ ಅಂಶದ ಕೊರತೆ, ಕಪ್ಪೆಚಿಪ್ಪಿನ ನುಚ್ಚನ್ನು ಬೇರೆ ಬಟ್ಟಲಲ್ಲಿ ಇಡಿ.

ಸೆಖೆಯ ತೇಕು ಸದ್ದಿಲ್ಲದ್ದು, ಗೂಡು ತಂಪಾದೊಡನೆ ತಗ್ಗುತ್ತದೆ. ಗೊರಗೊರ ಸದ್ದು, ಹಸಿರು ಹಿಕ್ಕೆ, ತಿರುಚಿದ ಕತ್ತು, ಕಾಲು ಸೋತು ಬೀಳುವುದು, ಹೊತ್ತಿಲ್ಲದ ಹೊತ್ತಲ್ಲಿ ಒಂದಾದ ಮೇಲೊಂದು ಸಾವು ಇದ್ದರೆ ಕೊಕ್ಕರೆ ರೋಗದ (ರಾಣಿಖೇತ್) ಶಂಕೆ. ಸತ್ತದ್ದನ್ನು ಕೊಯ್ಯಬೇಡಿ, ಅಕ್ಕಪಕ್ಕಕ್ಕೆ ಮಾರಬೇಡಿ. ಉಳಿದವನ್ನು ಬೇರ್ಪಡಿಸಿ ಅಂದೇ ಪಶು ಆಸ್ಪತ್ರೆಗೆ ತಿಳಿಸಿ.

ದುರಸ್ತಿ ಒಂದೊಂದಾಗಿಯೇ ಮಾಡಿ, ಪ್ರತಿಯೊಂದರ ನಂತರ ಮತ್ತೆ ಮೂರು ದಿನ ಅಳೆಯಿರಿ. ನಾಲ್ಕನ್ನೂ ಒಟ್ಟಿಗೆ ಮಾಡಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯದೆ ಮುಂದಿನ ವರ್ಷ ಮತ್ತೆ ನಾಲ್ಕಕ್ಕೂ ಖರ್ಚು ಮಾಡಬೇಕಾಗುತ್ತದೆ. ಮೊದಲ ದೊಡ್ಡ ಮಳೆ ಬಿದ್ದ ವಾರದಲ್ಲೇ ಸೂರಿನ ದಂಟು ಇಳಿಸಿ. ನೆನೆದ ದಂಟು ಕೊಳೆತು ತಗಡಿಗೆ ತುಕ್ಕು ಹಿಡಿಸುತ್ತದೆ.